ಎರರ್ ನೂರೆಂಟು

ಸೌಟು ನನ್ನ ಕಿವಿ ಸವರಿಕೊಂಡು ಹೋಗಿ ಹಿಂದಿನ ಗೋಡೆಗೆ ಬಡಿಯಿತು. ಠಣ್!

ಸಮಯಕ್ಕೆ ಸರಿಯಾಗಿ ಬಗ್ಗಿದ್ದೆ. ಅದಕ್ಕೇ ಇವತ್ತು ನಿಮ್ಮ ಮುಂದೆ ಕೂತು ಈ ಕತೆ ಹೇಳುತ್ತಿದ್ದೇನೆ.

"ಏಯ್ ಸಾಫ್ಟ್‌ವೇರ್! ನಿಲ್ಲು ಅಲ್ಲೇ! ಇವತ್ತು ನಿನ್ನನ್ನು ಹಬೆಯಲ್ಲಿ ಬೇಯಿಸದೆ ಬಿಡುದಿಲ್ಲ ನಾನು!"

ದೇಜಪ್ಪ. ಠಾಣೆ ಶಹರದ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಆ ದೊಡ್ಡ ಅಡುಗೆಮನೆಯ ಹೆಡ್ ಕುಕ್. ಬೆಳಿಗ್ಗೆ ನಾಲ್ಕು ಸಾವಿರದ ಎಂಟುನೂರು ಇಡ್ಲಿ ಬೇಯಿಸಿದ್ದ. ಬೇಕಾಗಿದ್ದದ್ದು ಸಾವಿರದ ಇನ್ನೂರು! ಅವನ ಕೈಯಲ್ಲಿ ಇನ್ನೊಂದು ಸೌಟು ಉಳಿದಿತ್ತು.

ನಾನು ಶ್ರೀನಿ. ಮೈಸೂರಿನವನು, ಈಗ ಠಾಣೆ ಪಕ್ಕದ ಕಳವಾ ಊರಲ್ಲಿ ಒಂದು ರೂಮು. ಕಂಪ್ಯೂಟರ್ ಕೆಟ್ಟರೆ ಜನ ರಿಪೇರಿಯವನನ್ನು ಕರೆಯುತ್ತಾರೆ. ಕೆಡಿಸಿದವರು ಯಾರೆಂದು ತಿಳಿಯಬೇಕಾದರೆ ನನ್ನನ್ನು ಕರೆಯುತ್ತಾರೆ. 2013ರ ಆ ಸೋಮವಾರ ಕರೆದವರು ಅಡುಗೆಮನೆಯ ಮಾಲೀಕರು, ಸರ್ವೋತ್ತಮ ಶೆಟ್ಟರು.

"ನಮ್ಮ ಹುಡುಗಿಯೇ ಮಾಡಿದ್ದು," ಎಂದಿದ್ದರು ಶೆಟ್ಟರು. "ಹೊಸ ಪ್ರೋಗ್ರಾಮ್ ಹಾಕಿದ ದಿನದಿಂದ ಎಲ್ಲ ಆರ್ಡರ್ ನಾಲ್ಕು ನಾಲ್ಕು ಸಲ ಬರ್ತಾ ಉಂಟು. ಯಾರೋ ದುಡ್ಡು ಕೊಟ್ಟು ಮಾಡಿಸಿದ್ದು. ಇವತ್ತು ಸಂಜೆ ನಾಲ್ಕರೊಳಗೆ ನೀವು ಪ್ರೂಫ್ ಕೊಡಿ. ಇಲ್ಲದಿದ್ದರೆ ನಾನು ಅವಳನ್ನು ಹಾಗೆಯೇ ಪೊಲೀಸರಿಗೆ ಕೊಡ್ತೇನೆ!"

ಹುಡುಗಿ ಪೂಜಿತಾ. ಡೊಂಬಿವಿಲಿಯವಳು, ಇಪ್ಪತ್ಮೂರು ವರ್ಷ, ಮೊದಲ ಕೆಲಸ. ಐಡಿ ಕಾರ್ಡ್ ಕಿತ್ತುಕೊಂಡು ಕ್ಯಾಬಿನ್ನಿನಲ್ಲಿ ಕೂರಿಸಿದ್ದರು. ಅವಳ ಕಣ್ಣು ಕೆಂಪಾಗಿತ್ತು.

"ಸರ್, ಮೈನೆ ಕುಛ್ ಗಲತ್ ನಹೀ ಕಿಯಾ, ನಾನು ಏನೂ ತಪ್ಪು ಮಾಡಿಲ್ಲ," ಎಂದಳು. "ಐರೋಲಿ ಆಫೀಸ್‌ಗಳ ತಿಂಡಿ ಆರ್ಡರ್ ನನ್ನ ಪ್ರೋಗ್ರಾಮ್ ಕಿಚನ್ನಿನ ಹಳೇ ಮಶೀನಿಗೆ ಕಳಿಸ್ತದೆ. ಮಶೀನ್ ಒಂದು ಕೋಡ್ ವಾಪಸ್ ಕೊಡ್ತದೆ. ಜೀರೋ ಬಂದ್ರೆ ಸಬ್ ಠೀಕ್. ಬೇರೆ ನಂಬರ್ ಬಂದ್ರೆ ಎರರ್. ಆಗ ಇನ್ನೂ ಮೂರು ಸಲ ಟ್ರೈ ಮಾಡ್ತದೆ."

"ಬರ್ತಿರೋದು ಏನು?"

"ನೂರೆಂಟು. ಹರ್ ಬಾರ್, ಪ್ರತಿ ಸಲ!"

"ಟೆಸ್ಟ್ ಮಾಡಿರಲಿಲ್ವಾ?"

"ಅಸಲಿ ಮಶೀನ್ ಮುಟ್ಟೋಕೆ ಬಿಡಲಿಲ್ಲ ಸರ್. ನಕಲಿ ಮಾಡಿ ಟೆಸ್ಟ್ ಮಾಡಿದೆ. ಅದು ಜೀರೋನೇ ಕೊಡ್ತಿತ್ತು."

ಎರರ್ ನೂರೆಂಟು! ಯಾವ ಪುಸ್ತಕದಲ್ಲೂ ಇಲ್ಲ, ಇಂಟರ್‌ನೆಟ್ಟಿನಲ್ಲೂ ಇಲ್ಲ. ಹಳೇ ಮಶೀನಿನ ಪ್ರೋಗ್ರಾಮ್ ಬರೆದಿಟ್ಟ ಪ್ರತಿ ಎಂದೋ ಕಳೆದುಹೋಗಿತ್ತು. ಅಡುಗೆಮನೆಗೆ ಹೋಗಿ ಮಶೀನಿನ ಬೆನ್ನು ತಿರುಗಿಸಿದೆ. ಎಣ್ಣೆ ಹತ್ತಿದ ಒಂದು ಚೀಟಿ ಅಂಟಿಸಿತ್ತು. "ತೊಂದರೆ ಆದರೆ: ಸುಬ್ಬಲಕ್ಷ್ಮಿ, ಟಿಟ್ವಾಳಾ." ಕೆಳಗೆ ವಿಳಾಸ, ಸತ್ತುಹೋದ ಒಂದು ಲ್ಯಾಂಡ್‌ಲೈನ್ ನಂಬರ್.

ಚೀಟಿ ಕಿತ್ತು ಜೇಬಿಗೆ ಹಾಕಿದೆ. ಆಗಲೇ ಸೌಟು ಹಾರಿ ಬಂದದ್ದು!

ಓಡಿದೆ. ಇಡ್ಲಿ ಡಬ್ಬಿಗಳ ನಡುವೆ ನುಸುಳಿ, ಗೇಟು ದಾಟಿ, ಸಿಕ್ಕ ರಿಕ್ಷಾಕ್ಕೆ ಹಾರಿದೆ. "ಸ್ಟೇಷನ್! ಜಲ್ದಿ!" ಹಿಂದೆ ನೋಡಿದರೆ ಇನ್ನೊಂದು ರಿಕ್ಷಾ. ಅದರಿಂದ ಹೊರಗೆ ಚಾಚಿದ ಒಂದು ಸೌಟು...

ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಟಿಟ್ವಾಳಾ ಫಾಸ್ಟ್ ಲೋಕಲ್ ರೈಲು ಹೊರಡುತ್ತಿತ್ತು. ಹತ್ತಿದೆ. ಬದುಕಿದೆ ಎಂದುಕೊಂಡೆ. ಹಿಂದಿನಿಂದ ಕಾಲರ್ ಬಿಗಿಯಾಯಿತು.

"ಎಲ್ಲಿಗೆ ಹೋಗುದು ಮಾರಾಯ?" ದೇಜಪ್ಪ ಏದುಸಿರು ಬಿಡುತ್ತಿದ್ದ.

"ನಿನ್ನ ಇಡ್ಲಿ ನಾಲ್ಕು ಪಟ್ಟು ಮಾಡಿಸಿದವರನ್ನ ಹಿಡಿಯೋಕೆ!"

"ಅದು ನೀನಲ್ಲವಾ?"

"ನಾನು ಹಿಡಿಯೋನು ಕಣಯ್ಯ!"

ಕಾಲರ್ ಸಡಿಲವಾಯಿತು. "ಅದನ್ನು ಮೊದಲೇ ಹೇಳುದಲ್ಲವಾ?"

ಸೌಟು ಎಸೆಯುವವರಿಗೆ ಪರಿಚಯ ಹೇಳಿಕೊಳ್ಳುವ ರೂಢಿ ನನಗಿಲ್ಲ. ಅಷ್ಟರಲ್ಲಿ ಫೋನ್ ರಿಂಗಾಯಿತು. ಶೆಟ್ಟರು.

"ಶ್ರೀನಿ, ಕಂಪ್ಲೇಂಟ್ ಟೈಪ್ ಆಗ್ತಾ ಉಂಟು. ನೀವು ಹೆಸರು ತಾರದಿದ್ದರೆ ಅದರಲ್ಲಿ ಎರಡು ಹೆಸರು ಇರ್ತದೆ. ಒಂದು ಅವಳದ್ದು."

"ಇನ್ನೊಂದು?"

"ಚೀಟಿ ಕದ್ದು ಓಡಿದವನದ್ದು!"

ಕಲ್ಯಾಣ ಸ್ಟೇಷನ್ ದಾಟಿತು. ನನಗೆ ನಿಜಕ್ಕೂ ಭಯವಾಯಿತು. ನನಗಾಗಿ ಅಲ್ಲ, ನನ್ನ ಮೇಲೆ ಕಂಪ್ಲೇಂಟು ಹೊಸದೇನಲ್ಲ. ಮೊದಲ ಕೆಲಸದಲ್ಲೇ ಪೊಲೀಸ್ ಕೇಸಾದ ಹುಡುಗಿಗೆ ಎರಡನೇ ಕೆಲಸ ಯಾರು ಕೊಡುತ್ತಾರೆ, ಹೇಳಿ?

ಟಿಟ್ವಾಳಾದಲ್ಲಿ ಗಣಪತಿ ದೇವಸ್ಥಾನದ ಹಿಂದಿನ ಬಿಲ್ಡಿಂಗ್. ಮೂರನೇ ಮಹಡಿ. ಬಾಗಿಲು ತೆರೆದವರು ಅರವತ್ತೈದರ ಸುಬ್ಬಲಕ್ಷ್ಮಿ. ಮೊದಲು ನನ್ನನ್ನು ನೋಡಿದರು, ಆಮೇಲೆ ಸೌಟನ್ನು.

"ದೇಜಪ್ಪ ಅಲ್ವೇನೋ ನೀನು? ಕೂದಲೆಲ್ಲ ಎಲ್ಲಿ ಹೋಯ್ತು? ಬನ್ನಿ, ಕೂತ್ಕೊಳಿ. ಕಾಫಿ ಮಾಡ್ತೀನಿ."

"ಮೇಡಂ, ಕಾಫಿಗೆ ಟೈಮಿಲ್ಲ," ಎಂದೆ. "ನೂರೆಂಟು ಅಂದ್ರೆ ಯಾವ ಎರರ್?"

ಅವರು ನಕ್ಕರು. "ಎರರ್ ಅಂತ ಯಾರು ಹೇಳಿದ್ದು? ಅದು ಸಕ್ಸಸ್!"

ನಾನು ಕೂತೆ.

"ನಮ್ಮ ಕಸುಬಿನಲ್ಲಿ ತಪ್ಪೇನೂ ಆಗದಿದ್ರೆ ಸೊನ್ನೆ ಕಳಿಸೋದು ವಾಡಿಕೆ," ಎಂದರು. "2004ರಲ್ಲಿ ನಾನು ಪ್ರೋಗ್ರಾಮ್ ಬರೆದು ಮುಗಿಸಿದ ಮೇಲೆ ಮಶೀನಿಗೆ ಪೂಜೆ ಆಯ್ತು. ಮೊದಲ ಆರ್ಡರ್ ಹಾಕಿದೆ. ಪರದೆ ತುಂಬ ದಪ್ಪ ಸೊನ್ನೆ ಬಂತು. ಮಾಲೀಕರ ಮುಖ ನೋಡಬೇಕಿತ್ತು ನೀವು!"

ದೇಜಪ್ಪ ಎದ್ದು ನಿಂತ. "ಅಯ್ಯೋ ದೇವರೇ! ನನಗೆ ನೆನಪುಂಟು! ತೆಂಗಿನಕಾಯಿ ಒಡೆದದ್ದೇ ನಾನು! 'ಶುಭ ಕಾರ್ಯದಲ್ಲಿ ಸೊನ್ನೆ ಎಂತಕ್ಕೆ? ತೆಗೀರಿ ಅದನ್ನು!' ಅಂತ ಧಣಿಗಳು ಕಿರುಚಿದ್ದು!"

"ನೂರೆಂಟು ಮಾಡಿ ಅಂದ್ರು, ಮಾಡ್ದೆ. ಬೇಡ ಅಂತ ಹೇಳಿ ಹೇಳಿ ಸಾಕಾಯ್ತು," ಎನ್ನುತ್ತ ಸುಬ್ಬಲಕ್ಷ್ಮಿ ಕಪಾಟಿನಿಂದ ಒಂದು ನೋಟ್‌ಬುಕ್ ತೆಗೆದರು. "ಅದಕ್ಕೇ ಸೈನ್ ಮಾಡಿಸ್ಕೊಂಡಿದ್ದೆ."

ನೋಡಿದೆ. ಆ ಸಹಿಯನ್ನು ನೋಡುತ್ತಲೇ ಇದ್ದೆ...

ವಾಪಸ್ ಲೋಕಲ್ ಸಿಗ್ನಲ್ಲಿಗೆ ನಿಂತಾಗಲೆಲ್ಲ ದೇಜಪ್ಪ ಸೌಟಿನಿಂದ ಬಾಗಿಲು ಬಡಿಯುತ್ತಿದ್ದ. ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ನಾವು ಕ್ಯಾಬಿನ್ನಿಗೆ ನುಗ್ಗಿದೆವು. ಶೆಟ್ಟರು ಪೆನ್ನಿನ ಮುಚ್ಚಳ ತೆಗೆದಿದ್ದರು. ಪೂಜಿತಾ ಗೋಡೆ ನೋಡುತ್ತಿದ್ದಳು.

"ಸಿಕ್ಕಿದನಾ?"

"ಸಿಕ್ಕಿದ. ಸಾಕ್ಷಿ ಸಮೇತ!"

"ಯಾರು?"

ನೋಟ್‌ಬುಕ್ ತೆರೆದು ಮೇಜಿನ ಮೇಲೆ ಇಟ್ಟೆ. "ಸೊನ್ನೆ ಬೇಡ. ಎಲ್ಲ ಸರಿಯಾದರೆ 108 ಬರಬೇಕು." ಕೆಳಗೆ ಸಹಿ. ಸರ್ವೋತ್ತಮ ಶೆಟ್ಟಿ.

ಶೆಟ್ಟರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

"ನಿಮ್ಮ ಮಶೀನ್ 'ಆಯ್ತು, ಆಯ್ತು' ಅಂತ ಕೂಗ್ತಿತ್ತು," ಎಂದೆ. "ಇವಳ ಪ್ರೋಗ್ರಾಮಿಗೆ ಅದು 'ಆಗಲಿಲ್ಲ' ಅಂತ ಕೇಳಿಸ್ತಿತ್ತು, ಅದೇ ಆರ್ಡರ್ ಮತ್ತೆ ಮತ್ತೆ ಕಳಿಸ್ತಿತ್ತು. ನೂರೆಂಟರ ಅರ್ಥ ನೀವು ಇವಳಿಗೆ ಹೇಳಿರಲಿಲ್ಲ."

"ಈಗ... ಸೊನ್ನೆ ತೋರಿಸಬೇಕಾ?"

"ಪರದೆ ಮೇಲೆ ಗಣಪತಿ ಫೋಟೋ ಬೇಕಾದ್ರೂ ತೋರಿಸಿ. ಪ್ರೋಗ್ರಾಮುಗಳು ತಮ್ಮೊಳಗೆ ಮಾತಾಡೋ ನಂಬರಿಗೆ ಮಾತ್ರ ಕೈ ಹಾಕಬೇಡಿ!"

ಪೂಜಿತಾ ಒಂದು ಸಾಲು ಬರೆದಳು. ಹಳೇ ಮಶೀನ್ ನೂರೆಂಟು ಅಂದರೆ ಅದನ್ನು ಸೊನ್ನೆ ಎಂದು ತಿಳಿ. ಆಮೇಲೆ ಒಂದು ಪ್ಲೇಟ್ ಇಡ್ಲಿಗೆ ಆರ್ಡರ್ ಹಾಕಿದಳು. ಅಡುಗೆಮನೆಯಲ್ಲಿ ಪ್ರಿಂಟರ್ ಕಿರ್ರ್ ಎಂದಿತು. ಒಂದು ಚೀಟಿ... ಕಾದೆವು... ಒಂದೇ!

ದೇಜಪ್ಪ ಸೌಟನ್ನು ತಲೆಯ ಮೇಲೆ ಗಿರಗಿರ ತಿರುಗಿಸಿದ. ಎಲ್ಲರೂ ಬಗ್ಗಿದೆವು.

ಶೆಟ್ಟರು ಕಂಪ್ಲೇಂಟ್ ಹರಿದರು. ಐಡಿ ಕಾರ್ಡ್ ಮೇಜಿನ ಮೇಲೆ ಮೆಲ್ಲಗೆ ಸರಿಸಿದರು.

"ಸಾರಿ."

ಪೂಜಿತಾ ಉತ್ತರ ಕೊಡಲಿಲ್ಲ. ಕಾರ್ಡನ್ನೂ ಮುಟ್ಟಲಿಲ್ಲ. ಶೆಟ್ಟರು ನನ್ನ ಮುಖ ನೋಡಿದರು.

"ಉತ್ತರ ಬರದಿದ್ರೆ ಇನ್ನೂ ಮೂರು ಸಲ ಟ್ರೈ ಮಾಡ್ಬೇಕು ಸರ್," ಎಂದೆ.

ಮಾಡಿದರು. ನಾಲ್ಕನೆಯದು ಮಾತ್ರ ಸ್ವಲ್ಪ ನಿಜ ಅನ್ನಿಸಿತು.