ಹನ್ನೊಂದು ತಿಂಗಳ ಆಣೆ

"ಮತ್ತೆ ಕುಡಿದ್ರಿ, ಅಲ್ವಾ?"

ಹಾಸನದ ಆಸ್ಪತ್ರೆಯಲ್ಲಿ ಪಾಲಾಕ್ಷ ಕಣ್ಣು ಬಿಟ್ಟದ್ದೇ ತಡ, ದೀಪಶ್ರೀ ಕೇಳಿಯೇಬಿಟ್ಟಳು. ಗಂಡ ಬದುಕಿದನಲ್ಲ ಎಂಬ ಸಮಾಧಾನಕ್ಕಿಂತ ಮೋಸಹೋದೆ ಎಂಬ ಉರಿಯೇ ಜಾಸ್ತಿಯಿತ್ತು!

ಇರದೇ ಏನು? ಲಿವರ್ ಸಿರೋಸಿಸ್ ಕೊನೆಯ ಹಂತಕ್ಕೆ ಬಂದಿದೆ ಎಂದು ತಿಳಿದ ದಿನ, ಇನ್ನು ಕುಡಿಯುವುದಿಲ್ಲವೆಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಹನ್ನೊಂದು ತಿಂಗಳು ಕಳೆದಿತ್ತು. ತನ್ನ ಲಿವರಿನ ಒಂದು ಭಾಗ ಕೊಡಲು ಒಪ್ಪಿ ಅವಳು ಪರೀಕ್ಷೆಗಳನ್ನೆಲ್ಲ ಮುಗಿಸಿದ್ದಳು. ಅಷ್ಟರಲ್ಲಿ ನಿನ್ನೆ, ಅರಕಲಗೂಡಿನಲ್ಲಿ ಅವಳ ತಂಗಿಯ ಮನೆಯ ಗೃಹಪ್ರವೇಶ... ನೆಂಟರೆದುರು ಅವನು ತೂರಾಡಿದ, ತೊದಲಿದ, ಅವಳ ಹೆಸರನ್ನೇ ಮರೆತ. ಅವಳು ಅವನನ್ನು ಅಲ್ಲೇ ಬಿಟ್ಟು ಹೊಳೆನರಸೀಪುರದ ತವರಿಗೆ ಬಸ್ಸು ಹತ್ತಿದ್ದಳು. ಆಮೇಲೆ ಪ್ರಜ್ಞೆ ತಪ್ಪಿದವನನ್ನು ತಂಗಿಯ ಗಂಡ ಇಲ್ಲಿಗೆ ತಂದಿದ್ದ.

"ನಾನು ಲಿವರ್ ಕೊಡಲ್ಲ! ಅದನ್ನ ಹೇಳೋಕೇ ಬಂದೆ."

ಪಾಲಾಕ್ಷ ಕಣ್ಣು ಮುಚ್ಚಿಕೊಂಡ. ಉತ್ತರ ಬಂದದ್ದು ಬಾಗಿಲಲ್ಲಿದ್ದ ಡಾಕ್ಟರ್ ಮೋಹನ್‌ಕುಮಾರ್ ಅವರಿಂದ.

"ಇವರು ಕುಡಿದಿಲ್ಲಮ್ಮ. ರಕ್ತ ಪರೀಕ್ಷೆ ಮಾಡಿದ್ದೀವಿ. ಕೆಟ್ಟ ಲಿವರ್ ತೆಗೀಲಾರದ ವಿಷ ಮೆದುಳಿಗೆ ಏರಿದೆ. ನೋಡೋರಿಗೆ ಕುಡಿದವರ ಹಾಗೇ ಕಾಣುತ್ತೆ. ಅದು ಹೊರಗೆ ಹೋಗ್ಲಿ ಅಂತಲೇ ದಿನಾ ಎರಡು ಮೂರು ಸಲ ಭೇದಿಯಾಗೋ ಸಿರಪ್ ಕೊಟ್ಟಿದ್ದು. ಅದನ್ನ ಬಿಟ್ಟುಬಿಟ್ಟಿದ್ದಾರೆ."

"ಯಾಕ್ರೀ ಬಿಟ್ರಿ?"

"ನಿನ್ ತಂಗಿ ಮನೇಲಿ, ಅಷ್ಟ್ ಜನದೆದ್ರು ಗಳಿಗೆಗೊಂದ್ಸಲ ಕಕ್ಕಸಿಗೆ ಓಡುದ್ರೆ ನಿಂಗೇ ಅವಮಾನ ಅಲ್ವಾ... ಅದ್ಕೇ ಮೂರ್ ದಿನ ತಗಳ್ಳಿಲ್ಲ ಕಣೇ."

"ನಂಗೆ ಒಂದ್ ಮಾತು ಹೇಳ್ಬಾರ್ದಿತ್ತಾ?"

"ತಲೆ ತಿರುಗ್ತಾ ಅದೆ, ಕುಡ್ದಿಲ್ಲ ಅಂತ ಯೋಳಿದ್ರೆ... ನಂಬ್ತಿದ್ಯಾ?"

ಇಲ್ಲ, ಅವಳು ನಂಬುತ್ತಿರಲಿಲ್ಲ! ಹತ್ತು ವರ್ಷ ಸುಳ್ಳು ಹೇಳಿದವನು ಇವನೇ. ಆದರೆ ಮಾತು ಉಳಿಸಿಕೊಂಡವನನ್ನು ನಡುದಾರಿಯಲ್ಲಿ ಬಿಟ್ಟು ಬಂದವಳು ತಾನು... ಅಳು ಉಕ್ಕಿ ಬಂತು.

"ಡಾಕ್ಟ್ರೇ, ಇವರು ಉಳೀತಾರಾ?"

"ಈ ಲಿವರ್ ಮೊದಲಿನ ಹಾಗೆ ಆಗಲ್ಲಮ್ಮ. ಔಷಧಿಯಿಂದ ಸ್ವಲ್ಪ ಕಾಲ ತಡೀಬಹುದು ಅಷ್ಟೇ. ಕಸಿ ಮಾಡಿದ್ರೆ ಒಳ್ಳೆ ಭರವಸೆ ಇದೆ. ಆದ್ರೆ ನಿಮಗೂ ಅದು ದೊಡ್ಡ ಆಪರೇಷನ್. ನಿರ್ಧಾರ ನಿಮ್ಮದು."

ಡಾಕ್ಟರ್ ಹೊರಟುಹೋದರು.

"ಬ್ಯಾಡ ಕಣೇ," ಎಂದ ಪಾಲಾಕ್ಷ. "ಭಯ ಇದ್ರೆ ಬ್ಯಾಡ."

"ಭಯ ಇದೆ. ಆದ್ರೂ ಕೊಡ್ತೀನಿ!" ಅವಳು ಅವನ ಕೈ ಹಿಡಿದಳು. "ಇನ್ಮೇಲೆ ನಾಚಿಕೆ ಗೀಚಿಕೆ ಬಿಟ್ಟು, ಏನಿದ್ರೂ ನಂಗೇ ಮೊದಲು ಹೇಳ್ಬೇಕು."

ಅವನು ಹೊದಿಕೆ ಸರಿಸಿ ಬಾಗಿಲ ಕಡೆ ನೋಡಿದ.

"ಅಂಗಾರೆ... ಈಗ್ಲೇ ಯೋಳ್ತೀನಿ. ಕಕ್ಕಸಿಗೆ ಓಗ್ಬೇಕು ಕಣೇ!"

ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ. ಅವನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಮೆಲ್ಲಗೆ ಎಬ್ಬಿಸಿದಳು.

"ಬನ್ನಿ... ನಿಧಾನ. ನಾನಿದ್ದೀನಿ."