ಲಾಳದವನ ಹೆಸರು

ಭಾಳ ಹಿಂದಕ, ನಮ್ಮ ಅಜ್ಜನ ಅಜ್ಜಗೂ ಮೀಸಿ ಚಿಗುರೋಕಿಂತ ಮೊದಲ, ನೀಲಾಪುರ ಅಂತ ಒಂದು ರಾಜ್ಯ ಇತ್ತು. ಹನ್ನೆರಡು ಊರಾಗ ಈ ಕತಿ ನನ್ನಷ್ಟು ಸರಿ ಹೇಳಾವ ಇಲ್ಲ, ಸುಮ್ಕ ಕೇಳ್ರಿ.

ಅಲ್ಲಿ ಕರಿಗುಡ್ಡದ ಕ್ವಾಟ್ಯಾಗ ಒಬ್ಬ ಮಾಟಗಾರ ಇದ್ದ. ಯಾರ ಹೆಸರ ಅವನ ಕಿವಿಗೆ ಬಿತ್ತೋ, ಅವರಿಗೆ ಬೇಕಾದವರ ದನಿ ತಗದು ಕೂಗ್ತಿದ್ದ. ಓಗೊಟ್ಟಾವ ನಿಂತಲ್ಲೇ ಕಲ್ಲು. ತಾಯಂದ್ರು ಮಕ್ಕಳ ಹೆಸರ ಹಿಡದು ಕರಿಯೋದ ಬಿಟ್ಟಿದ್ರು.

ಸುಲ್ತಾನ ತನ್ನ ಸರದಾರ ದಿಲಾವರಖಾನನ್ನ ಕಳಸಿದ. ಇಪ್ಪತ್ತೆರಡರ ಹರೇದಾವ. ಬೆನ್ನಿಗೆ ಎಪ್ಪತ್ತು ಸವಾರರು, ತೋಪು ಹಾರಿಸಿ ಹಾರಿಸಿ ಕಿವುಡಾದ ಮುದುಕ ಹನಮಪ್ಪ, ನಿನ್ನಿ ಬಂದು ಸೇರಿದ ಒಬ್ಬ ಲಾಳ ಹೊಡಿಯಾವ.

"ಖಾನಸಾಹೇಬ್ರ, ಇಲ್ಲಿ ಹಾಜರಿ ಕೂಗಬ್ಯಾಡ್ರಿ," ಕ್ವಾಟಿ ಬುಡಕ್ಕ ಬಂದಾಗ ಅಂದ ಹನಮಪ್ಪ.

"ಹಾಜರಿ ಇಲ್ಲದ್ದು ಫೌಜಲ್ಲ ಕಾಕಾ, ಕುರಿಹಿಂಡು."

ಬೆಳಗಿನ ನಮಾಜ ಮುಗಿಸಿ ದಿಲಾವರ ಎಪ್ಪತ್ತೂ ಹೆಸರ ಬಾಯಿಪಾಠ ಕೂಗಿದ. ಕೆಲಸಕ್ಕ ಹೋದಾವನ ಪರವಾಗಿ ಬಾಜೂದಾವ "ಹಾಜರ್" ಅನ್ನೋದು ಅವರ ರೂಢಿ. ಲಾಳದವನ ಹೆಸರ ಮಾತ್ರ ಕೇಳಿರಲಿಲ್ಲ. ನಾಳಿ ಕೇಳಿದ್ರಾತು ಅಂದ. ಗ್ವಾಡಿ ಆಚಿ ಮಾಟಗಾರ ಎಲ್ಲಾ ಕೇಳಸ್ಕೊಂಡ.

ಕ್ವಾಟಿಗೆ ಮೂರು ಬಾಗಲ. ಮೊದಲ ಬಾಗಲಕ್ಕ ದಿಲಾವರನ ದನಿ ಬಂತು. ಸರದಾರ ಕರದಾನಂತ ನಲವತ್ತು ಮಂದಿ "ಹಾಜರ್" ಅಂದ್ರು. ನಲವತ್ತು ಕಲ್ಲು.

ಎರಡನೇ ಬಾಗಲಕ್ಕ ಉಳದವರು ಕಿವ್ಯಾಗ ಹತ್ತಿ ಅರಳಿ ತುರಕೊಂಡು ಹೋದ್ರು. ಮಾಟಗಾರನ ಕಬ್ಬಿಣ ಚುಂಚಿನ ಗಿಣಿ ಹಾರಿ ಬಂದು, ಅರಳಿ ಕಿತ್ತು, ತಾಯಂದ್ರ ದನಿಲೆ ಹೆಸರ ಕೂಗಿದ್ವು. ಓಗೊಟ್ಟವರೆಲ್ಲಾ ಕಲ್ಲಾದ್ರು. ಮಲಕಪ್ಪ ಕುದುರಿಗೆ ನೀರ ಕುಡಸಾಕ ಹೋಗಿದ್ದ. ಅವನ ಹೆಸರ ಬಂದಾಗ ಲಾಳದಾವ ರೂಢಿ ಮ್ಯಾಲ "ಹಾಜರ್" ಅಂದುಬಿಟ್ಟ. ಕೈಯಾಗಿನ ಸುತ್ತಿಗಿನೂ ಕಲ್ಲಾತು. ಓಡಿ ಬಂದ ಮಲಕಪ್ಪನೂ ಓಗೊಟ್ಟು ಕಲ್ಲಾದ.

ಉಳದಾವ ಕಿವುಡ ಹನಮಪ್ಪ ಒಬ್ಬ. ದಿಲಾವರನ ಹೆಸರ ಯಾರೂ ಹಾಜರ್ಯಾಗ ಕೂಗತಿರಲಿಲ್ಲ, ಅದಕ್ಕ ಅವನೂ ಉಳದ. ಕಲ್ಲಿನ ಕಾಲ ಹಿಡದು ಅತ್ತ.

"ನಾನ ಕೊಂದೆ ಕಾಕಾ. ನಿನ್ನ ಮಾತ ಕೇಳಲಿಲ್ಲ."

ತುಟಿ ನೋಡಿ ತಿಳಕೊಂಡ ಹನಮಪ್ಪ ತನ್ನ ರುಮಾಲ ಬಿಚ್ಚಿ ಆ ಕಲ್ಲಿನ ಮಾರಿ ಒರಸಿದ.

ಮೂರನೇ ಬಾಗಲದ ಮ್ಯಾಲಿಂದ ಮಾಟಗಾರ ನಕ್ಕ. "ಒಬ್ಬೊಬ್ಬನ್ನ ಕರದು ಅವನ ಬದಲಿ ನೀನ ಓಗೊಡೋ ಸರದಾರ. ಅವನ ಕಲ್ಲು ನಿನ್ನ ಮೈಗೆ ಬರತೈತಿ. ಎಪ್ಪತ್ತು ಕಲ್ಲಿನ ಭಾರ ಹೊರತೀ ಏನು?"

ದಿಲಾವರ ಎದ್ದು ನಿಂತ. "ಯೂಸುಫ್." ತಾನ ಅಂದ, "ಹಾಜರ್." ಯೂಸುಫ ಉಸರಾಡಿದ, ದಿಲಾವರನ ಹೆಬ್ಬೆರಳು ಕಲ್ಲಾತು. "ಸಿದರಾಮ." "ಹಾಜರ್." ಮೂವತ್ತಕ್ಕ ಮಣಕಾಲು, ಐವತ್ತಕ್ಕ ಎದಿ. ಕಡೇಕ, "ಮಲಕಪ್ಪ." "ಹಾಜರ್." ಗಂಟಲಕ್ಕ ಬಂತು ಕಲ್ಲು. ಎಪ್ಪತ್ತು ಮಂದಿ ಎದ್ದಿದ್ರು. ಮಾಟಗಾರನ ಹೊಟ್ಟ್ಯಾಗಿನ ಕದ್ದ ದನಿ ಎಲ್ಲಾ ಹಾರಿ ಹೋಗಿ, ಅವ ಖಾಲಿ ಚೀಲದಂಗ ಗ್ವಾಡಿ ಮ್ಯಾಲಿಂದ ಬಿದ್ದು ಬೂದಿಯಾದ.

ಇನ್ನ ಒಂದ ಕಲ್ಲು ಉಳದಿತ್ತು, ಲಾಳದವಂದು. ದಿಲಾವರನ ಬಾಯಿ ತೆರೀತು, ಹೆಸರ ಬರಲಿಲ್ಲ. ಕಲ್ಲು ಮ್ಯಾಲೇರಿ ಕಣ್ಣೂ ಕಲ್ಲಾದ್ವು.

ಹನಮಪ್ಪ ಜೀವಮಾನದಾಗ ಮೊದಲ ಸಲ ಸರದಾರನ ಹೆಸರ ಹಿಡದ. "ದಿಲಾವರ್." ಎಪ್ಪತ್ತು ಬಾಯಿ ಒಮ್ಮೆಲೆ, "ಹಾಜರ್." ಕಲ್ಲು ಎಪ್ಪತ್ತು ಪಾಲಾತು. ಒಬ್ಬೊಬ್ಬರ ಹಿಮ್ಮಡ್ಯಾಗ ತೊಗರಿ ಕಾಳಿನಷ್ಟು ಕೂತು, ಸಾಯೋತನಕ ಚುಚ್ಚಿತು. ಸರದಾರ ಉಸರಾಡಿದ.

"ಲಾಳದವನ ಹೆಸರೇನ್ರೋ?" ಇದ ಅವನ ಮೊದಲ ಮಾತು. ಯಾರಿಗೂ ಗೊತ್ತಿರಲಿಲ್ಲ. ಹೆಸರ ಮುಚ್ಚಿಡೋ ರಾಜ್ಯದಾವ, ಹೇಳಿರಲಿಲ್ಲ.

ನೀಲಾಪುರದಾಗ ತಾಯಂದ್ರು ಬಾಗಲದಾಗ ನಿಂತು ಗಂಟಲ ಹರಿಯೋಹಂಗ ಮಕ್ಕಳನ್ನ ಕರದ್ರು. ಎಲ್ಲಾರೂ ಉಂಡುಟ್ಟು ಸುಖದಿಂದ ಇದ್ರು.

ದಿಲಾವರ ಮಾತ್ರ ದಿನಾ ನಮಾಜ ಮುಗಿಸಿ ಎರಡನೇ ಬಾಗಲಕ್ಕ ಹೋಗ್ತಿದ್ದ. ಲಾಳದವನ ಕಲ್ಲಿನ ಎದುರು ನಿಂತು ದಿನಕ್ಕೊಂದ ಹೆಸರ ಊಹಿಸಿ ಕರೀತಿದ್ದ.

"ಬಸಲಿಂಗ?" ಅಂತಿದ್ದ. ತಾನ ಅಂತಿದ್ದ, "ಹಾಜರ್."

ಸುತ್ತಿಗಿ ಅಲುಗ್ತಿರಲಿಲ್ಲ.

"ನಾಳಿ ಇನ್ನೊಂದು ನೋಡೂಣು," ಅಂತಿದ್ದ. ಗಡ್ಡ ಬೆಳ್ಳಗಾಗೋತನಕ ಹಂಗ ಅಂದ.