ಮೂರು ಗೋಡೆಯ ಕುಂಕುಮ

ಬೆಳಗಾಗುವುದರೊಳಗೆ ಶಿರಾಲಿಯ ಮೊಬೈಲುಗಳಲ್ಲೆಲ್ಲ ಒಂದೇ ಫೋಟೋ. ಮೈ ಯಾರದೋ, ಬೆತ್ತಲೆ. ಮುಖ ಚಂದನಾಳದು. ಆ ಮುಖ ಉದಯನ ಸ್ಟುಡಿಯೋದಲ್ಲಿ ತೆಗೆಸಿದ್ದು.

ಅವಳ ಅಪ್ಪ, ಶನಿಯಾರ ಎಂಬವನು, ಪೇಟೆಯ ನಡುವೆಯೇ ಉದಯನಿಗೆ ಬಾರಿಸಿದ. ಮಗಳ ಕಾಲೇಜು ಬಿಡಿಸಿದ. ಮಾಡಿದವನು ಯಾರೋ, ಶಿಕ್ಷೆ ಹುಡುಗಿಗೆ! ಎಸ್ಸೈ ಕವಿತಾಗೆ ಮೈ ಉರಿಯಿತು.

"ನಾ ಕಳ್ಸಲಿಲ್ಲ ಮೇಡಂ," ಉದಯ ಒಡೆದ ತುಟಿ ಒರೆಸಿಕೊಂಡ.

"ಮತ್ತೆ ಫೋಟೋಕ್ಕೆ ಕಾಲು ಬಂತಾ?"

ಅವನು ಠಾಣೆಯಲ್ಲಿ ಕೂತಿದ್ದಾಗಲೇ ಹೊನ್ನಾವರ, ಕುಮಟಾಗಳಿಂದ ಎರಡು ದೂರು ಬಂದವು. ಬೇರೆ ಹುಡುಗಿಯರು, ಬೇರೆ ಸ್ಟುಡಿಯೋ, ಅದೇ ಹೊಲಸು. ಉದಯನ ಮೊಬೈಲು ಆಗ ಕವಿತಾಳ ಮೇಜಿನ ಮೇಲಿತ್ತು.

* * *

ಆ ಎರಡೂ ಸ್ಟುಡಿಯೋ ನೋಡಿ ಕವಿತಾ ಮರುದಿನ ಬೆಳಿಗ್ಗೆ ಉದಯನ ಅಂಗಡಿಗೆ ಬಂದಳು. ಮೂರೂ ಕಡೆ ಫೋಟೋ ತಿದ್ದುವ ಸಾಫ್ಟ್‌ವೇರಿಗೆ ಒಂದೇ ಪ್ಲಗ್‌ಇನ್, ಒಂದು ಪುಟ್ಟ ಹೆಚ್ಚುವರಿ ತಂತ್ರಾಂಶ, ಸೇರಿಸಿದ್ದರು. ಒಂದು ಕ್ಲಿಕ್ಕಿಗೆ ಕಪ್ಪು ಮುಖ ಬಿಳಿ. ಮಾರಿದವನು ಕುಮಟಾದ ವಿನೋದ.

ಉದಯ ಅದನ್ನು ತೆರೆದ. ಪರದೆಯ ಮೇಲೆ ಎಚ್ಚರಿಕೆ ಬಂತು: ತಯಾರಕರಿಗೆ ಮಾನ್ಯತೆ ಇಲ್ಲ, ಮುಂದುವರಿಯಬೇಕೇ? ಅವನ ಬೆರಳು ತಾನಾಗಿಯೇ 'ಹೌದು' ಒತ್ತಿತು.

"ಓದೂದಿಲ್ವಾ?"

"ದಿನಾ ಬತ್ತದೆ ಮೇಡಂ. ಸಾಫ್ಟ್‌ವೇರ್ ಕಂಪನಿ ಒಪ್ಪಿಗೆ ಪತ್ರ ಅಲ್ಲೇ ಉಂಟಲ."

ಗೋಡೆಯ ಮೇಲೆ ದೇವರ ಪಕ್ಕ, ಗಾಜಿನ ಚೌಕಟ್ಟಿನಲ್ಲಿ ಆ ಪತ್ರ. ಕೆಳಗಿನ ಸಾಲಿನ ಮೇಲೆ ದಪ್ಪ ಕುಂಕುಮದ ಪಟ್ಟೆ. ಮೂರು ಊರು, ಮೂರು ಗೋಡೆ, ಕುಂಕುಮ ಮಾತ್ರ ಒಂದೇ ಜಾಗದಲ್ಲಿ.

"ಹಚ್ಚಿದ್ದು ಯಾರು?"

"ವಿನೋದ ಹಚ್ಚೇ ತಂದಿದ್ದ. ಆಯುಧ ಪೂಜೆಗೆ."

ಕವಿತಾ ಗಾಜು ಬಿಚ್ಚಿ ಒದ್ದೆ ಬಟ್ಟೆ ಕೈಗೆತ್ತಿಕೊಂಡಳು.

"ಅಯ್ಯೋ, ಕುಂಕುಮ ಒರ್ಸೂಕಾಗ!"

"ನೀವು ಒರೆಸುವುದಿಲ್ಲ ಅಂತಲೇ ಹಚ್ಚಿದ್ದು!"

ಒರೆಸಿದ ಕುಂಕುಮದಡಿ ಇಂಗ್ಲಿಷಿನ ಒಂದು ಸಾಲು. ಪರೀಕ್ಷೆಗೆ ಮಾತ್ರ, ಮಾರಾಟಕ್ಕೆ ಒಪ್ಪಿಗೆ ಇಲ್ಲ.

"ಈಗ ನನ್ನ ಫೋಟೋ ತೆಗೆ," ಎಂದಳು ಕವಿತಾ. "ಮುಖ ಬಿಳಿ ಮಾಡು."

* * *

ಮಧ್ಯಾಹ್ನ ಕುಮಟಾದಲ್ಲಿ ವಿನೋದನ ಲ್ಯಾಪ್‌ಟಾಪ್ ತೆರೆದಾಗ ಅದರೊಳಗಿಂದ ಕವಿತಾಳೇ ಕವಿತಾಳನ್ನು ನೋಡುತ್ತಿದ್ದಳು.

"ಇವತ್ತು ಬೆಳಿಗ್ಗೆ ತೆಗೆಸಿದ್ದು. ನಿನಗೆ ಯಾರು ಕೊಟ್ಟರು?"

ವಿನೋದ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ. ಪ್ಲಗ್‌ಇನ್‌ನಲ್ಲಿ ತೆರೆದ ಪ್ರತಿ ಫೋಟೋದ ನಕಲು ಸದ್ದಿಲ್ಲದೆ ಅವನಿಗೆ ಬರುತ್ತಿತ್ತು. ಅವನು ಮುಖ ಕತ್ತರಿಸಿ ಬೆತ್ತಲೆ ಮೈಗಳಿಗೆ ಅಂಟಿಸಿ ಹೊಲಸು ಜಾಲತಾಣಗಳಿಗೆ ಮಾರುತ್ತಿದ್ದ. ಅಲ್ಲಿಂದ ಅವು ಊರಿನ ಮೊಬೈಲುಗಳಿಗೆ ಹರಡಿದ್ದವು. ಚಂದನಾಳ ಹೆಸರಿನ ಕಡತದಲ್ಲಿ ನಾಲ್ಕು ಚಿತ್ರಗಳಿದ್ದವು.

* * *

ಶನಿಯಾರ ಠಾಣೆಗೆ ಬಂದು, ಮೊಬೈಲು ಒಯ್ಯಲು ಬಂದಿದ್ದ ಉದಯನ ಮುಂದೆ ಕೈ ಮುಗಿದ. "ತಪ್ಪಾತು."

"ಹೊಡೂವಾಗ ಪೇಟೆಯೆಲ್ಲ ನೋಡ್ತಿತ್ತು. ಅಲ್ಲೇ ಬಂದು ಹೇಳು," ಉದಯ ಸಿಡುಕಿದ.

ಬಾಗಿಲಲ್ಲಿ ಚಂದನಾ ನಿಂತಿದ್ದಳು. ಹೆಗಲಿಗೆ ಕಾಲೇಜಿನ ಚೀಲ.

"ನೀವಿಬ್ರೂ ನಿಮ್ಮ ಮರ್ಯಾದೆ ಲೆಕ್ಕ ಮಾಡ್ಕಂಡ್ರಿ. ನನ್ನ ಹತ್ರ ಎಂತ ಕೇಳಿದ್ರಿ? ಉದಯಣ್ಣ, ಮೇಡಂ ಎಲ್ಲ ಹೇಳಿದ್ರು, ಕಂಪ್ಯೂಟರ್ ದಿನಾ ಬೇಡ ಅಂತಿತ್ತು, ನೀ ಹೌದು ಒತ್ತಿದೆ. ನನ್ನ ಮುಖ ಬಿಳಿ ಮಾಡು ಅಂತ ನಾ ಹೇಳಿದ್ನಾ?"

"ಚಂದನಾ, ಮನೆಗೆ ಹೋಗ್ವ," ಎಂದ ಶನಿಯಾರ.

"ಕಾಲೇಜಿಗೆ ಹೊಂಟೆ. ಕೇಳೂಕೆ ಬಂದದ್ದಲ್ಲ ಅಪ್ಪ, ಹೇಳೂಕೆ ಬಂದದ್ದು."

ಹೊರಗೆ ಕುಮಟಾ ಬಸ್ಸು ನಿಂತಿತ್ತು. ಅವಳು ಹತ್ತಿದಳು.